ಗುರುತಿನ ದನಿ

ಬುಧವಾರ ಬೆಳಿಗ್ಗೆ ಹತ್ತು ಗಂಟೆ ದಾಟಿತ್ತು. ಹೆಂಗಸರ ಕ್ಲಿನಿಕ್ಕಿನ ಡಾಕ್ಟರಮ್ಮ ಫೋನ್ ಮಾಡಿದರು. ಅವರು ತಾವಾಗಿ ಫೋನ್ ಮಾಡುವುದೇ ಅಪರೂಪ. ಮೂರು ವರ್ಷದಲ್ಲಿ ನಾನು ಅವರ ದನಿ ಕೇಳಿದ್ದು ಎರಡೇ ಸಲ. ಆದರೂ ‘ಹಲೋ’ ಅನ್ನುತ್ತಲೇ ಯಾರೆಂದು ತಿಳಿಯಿತು. ಪ್ರತಿ ಮಾತಿನ ಬಾಲವನ್ನೂ ಕತ್ತರಿಸಿ ಇಟ್ಟ ಹಾಗೆ ಮಾತಾಡುತ್ತಾರೆ.

“ನಮಸ್ಕಾರ ಡಾಕ್ಟರ್,” ಅಂದೆ.

“ಪರವಾಗಿಲ್ವೇ, ಗುರುತು ಸಿಕ್ತು. ಒಂದು ಚಿಕ್ಕ ವಿಷಯ ಅಷ್ಟೆ. ಇನ್ಮೇಲೆ ವೆಬ್‌ಸೈಟ್ ವಿಚಾರಕ್ಕೆ ನಮ್ಮ ಹೊಸ ರಿಸೆಪ್ಷನಿಸ್ಟ್ ನಿಮ್ಮ ಹತ್ರ ಮಾತಾಡ್ತಾಳೆ. ಮ್ಯಾನೇಜರ್ ಹೋಗಿ ಹದಿನೆಂಟು ದಿನ ಆಯ್ತು. ಹೇಳ್ಬೇಕು ಹೇಳ್ಬೇಕು ಅಂದ್ಕೊಂಡು ಮರೆತೇ ಹೋಗಿತ್ತು.”

“ಹೋಗಿ ಅಂದ್ರೆ?”

“ನಾನೇ ಕಳಿಸಿದೆ. ಅದೆಲ್ಲ ಬಿಡಿ. ಹೆಸರು ಬದಲಾಯಿಸ್ಕೊಳ್ಳಿ, ಸಾಕು.”

ಸರಿ ಡಾಕ್ಟರ್ ಅಂದೆ. ಹೊಸಬಳ ಹೆಸರು, ನಂಬರು ಬರೆದುಕೊಂಡೆ. ಅಕ್ಷರಗಳು ನೆಟ್ಟಗೇ ಬಂದವು. ಫೋನ್ ಇಟ್ಟ ಮೇಲೆ ಕೈ ಅದರ ಮೇಲೇ ಉಳಿಯಿತು. ತೆಗೆಯಲು ಆಗಲಿಲ್ಲ.

ಮೊನ್ನೆ ಸೋಮವಾರ ಅದೇ ಮ್ಯಾನೇಜರ್ ಫೋನ್ ಮಾಡಿದ್ದರು. ಪಾಸ್‌ವರ್ಡ್ ಮರೆತುಹೋಯಿತು ಅಂದಿದ್ದರು. ನಾನು ಹೊಸದೊಂದನ್ನು ಮಾಡಿ, ಫೋನಿನಲ್ಲೇ ಒಂದೊಂದಾಗಿ ಅಕ್ಷರ ಬಿಡಿಸಿ ಹೇಳಿದ್ದೆ. ಅವರು ತಿರುಗಿ ಓದಿ ಹೇಳಿದ್ದರು. ಕೊನೆಯಲ್ಲಿ “ನಿನ್ನಂಥೋರು ಎಲ್ಲಾ ಕಡೆ ಇರ್ಬೇಕು ಮರಿ” ಅಂದಿದ್ದರು. ಆ ಮಾತಿಗೆ ನಾನು ಸಂಜೆಯವರೆಗೂ ಖುಷಿಯಾಗಿದ್ದೆ.

ನಮ್ಮದು ಚಿಕ್ಕ ಹೋಸ್ಟಿಂಗ್ ಕಂಪನಿ. ಅಂಗಡಿ, ಶಾಲೆ, ಕ್ಲಿನಿಕ್ಕು, ಹೊಲಿಗೆ ತರಗತಿ, ಹೀಗೆ ಮುನ್ನೂರ ನಲವತ್ತು ಗಿರಾಕಿಗಳ ವೆಬ್‌ಸೈಟುಗಳು ನಮ್ಮ ಸರ್ವರ್‌ಗಳಲ್ಲಿವೆ. ಅವು ಹಗಲಿರುಳು ನಡೆಯುವಂತೆ, ಹೊರಗಿನವರು ಒಳಗೆ ನುಗ್ಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಕೆಳಗೆ ಡ್ರೈಕ್ಲೀನಿಂಗ್ ಅಂಗಡಿ, ಮೇಲೆ ನಾವು. ಹೊರಗಿನ ಕೋಣೆಯಲ್ಲಿ ಮೂರು ಮೇಜು. ಒಳಗಿನ ಕೋಣೆಯಲ್ಲಿ ಎಸಿಗೆ ಮೈಯೊಡ್ಡಿಕೊಂಡು ನಾಲ್ಕು ಸರ್ವರ್. ಅವಕ್ಕೆ ಹೆಸರಿಟ್ಟವಳು ಅಕ್ಕ. ಎಲ್ಲಕ್ಕಿಂತ ಹಳೆಯದು, ಸದಾ ಗೊರಗೊರ ಅನ್ನುವುದು ಅಜ್ಜಿ. ಹೊಸದು ಚಿಕ್ಕಮ್ಮ. ಎಲ್ಲರ ಸೈಟಿನ ಒಂದೊಂದು ಪ್ರತಿ ಇಟ್ಟುಕೊಂಡು ಏನನ್ನೂ ಮರೆಯದಿರುವುದು ದೊಡ್ಡಮ್ಮ. ನಾಲ್ಕನೆಯದು ತಿಂಗಳಿಗೊಮ್ಮೆ ಮುನಿಸಿಕೊಂಡು ನಿಂತುಬಿಡುತ್ತದೆ, ಅದು ನಾದಿನಿ. ಕ್ಲಿನಿಕ್ಕು ಇರುವುದು ಚಿಕ್ಕಮ್ಮನಲ್ಲಿ.

ಕಂಪನಿ ಕಟ್ಟಿದವರು ಅಕ್ಕ ಮತ್ತು ಬೀಗಣ್ಣ. ಬೀಗಣ್ಣ ನಮಗೆ ಸಂಬಂಧಿಯಲ್ಲ, ಅಕ್ಕನ ಹಳೆಯ ಸಹೋದ್ಯೋಗಿ. ಕಂಡ ಕಂಡಲ್ಲಿ ಬೀಗ ಹಾಕುವ ಚಾಳಿಗೆ ಆ ಹೆಸರು ಬಂದಿದೆ. ಬಾತ್‌ರೂಮಿಗೆ ಎದ್ದು ಹೋಗುವಾಗಲೂ ಕಂಪ್ಯೂಟರನ್ನು ಲಾಕ್ ಮಾಡಿ ಹೋಗುತ್ತಾನೆ. ತಿಂಡಿಯ ಡಬ್ಬಿಗೆ ಮಾತ್ರ ಬೀಗವಿಲ್ಲ ಎಂದು ಅಕ್ಕ ಆಡಿಕೊಳ್ಳುತ್ತಾಳೆ.

ನಾನು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ಆಗ ಅಮ್ಮನಿಗೆ ಹುಷಾರಿರಲಿಲ್ಲ, ಮನೆಯಲ್ಲಿ ಯಾರಾದರೂ ಇರಬೇಕಿತ್ತು. ಅಮ್ಮ ಎದ್ದು ಓಡಾಡುವಂತಾದ ಮೇಲೂ ನಾನು ಹೋಗಲಿಲ್ಲ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳು ಅಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಈಗಲೂ ಎದುರಿಗೆ ನಿಂತವರ ಮುಖ ನೋಡಿ ಮಾತಾಡಲು ನನಗೆ ಬರುವುದಿಲ್ಲ. ಫೋನಿನಲ್ಲಿ ಬರುತ್ತದೆ. ಅಲ್ಲಿ ನನ್ನನ್ನು ಯಾರೂ ನೋಡುವುದಿಲ್ಲ, ಆ ಕಡೆಯವರು ಮಾತ್ರ ನನಗೆ ಚೆನ್ನಾಗಿ ಕೇಳಿಸುತ್ತಾರೆ. ಒಮ್ಮೆ ಕೇಳಿದ ದನಿಯನ್ನು ನಾನು ಮರೆಯುವುದಿಲ್ಲ. ಮೊದಲು ಕಸ ಗುಡಿಸಲು, ಕಡತ ಜೋಡಿಸಲು ಕರೆಸಿಕೊಂಡಿದ್ದ ಅಕ್ಕ ಆರು ತಿಂಗಳಲ್ಲಿ ಇದನ್ನು ಗಮನಿಸಿ ಫೋನನ್ನು ನನ್ನ ಮೇಜಿಗೆ ತಂದಿಟ್ಟಳು.

“ಬೇರೆ ಕಂಪನಿಗೆ ಫೋನ್ ಮಾಡಿದ್ರೆ ಒಂದು ಒತ್ತಿ, ಎರಡು ಒತ್ತಿ ಅಂತ ಗೋಳು ಹುಯ್ಕೊಳ್ತಾರೆ. ಇಲ್ಲಿ ‘ಹಲೋ’ ಅಂದ್ರೆ ಸಾಕು, ನನ್ನ ತಂಗಿ ಹೆಸರು ಹಿಡಿದು ಮಾತಾಡಿಸ್ತಾಳೆ,” ಎಂದು ಹೊಸ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು. ಅದನ್ನು ಹೇಳುವಾಗ ಅವಳ ಕತ್ತು ಸ್ವಲ್ಪ ಉದ್ದವಾಗುತ್ತಿತ್ತು.

ಪಾಸ್‌ವರ್ಡ್ ಮರೆತವರಿಗೂ ಅದೇ ಪದ್ಧತಿ. ಅರ್ಜಿಯಿಲ್ಲ, ಸಹಿಯಿಲ್ಲ. ದನಿ ಗುರುತು ಸಿಕ್ಕಿದರೆ ನಾನು ಕೊಡುತ್ತಿದ್ದೆ. ಬೀಗಣ್ಣನಿಗೆ ಇದು ಎಂದೂ ಹಿಡಿಸಿರಲಿಲ್ಲ. ಕಳೆದ ವರ್ಷ ಒಂದು ಇಡೀ ವಾರ ಜಗಳವಾಡಿದ್ದ. “ಗಿರಾಕಿ ಕೇಳಿದ ತಕ್ಷಣ ಫೋನ್ ಇಟ್ಟು, ನಮ್ಮ ಪುಸ್ತಕದಲ್ಲಿರೋ ನಂಬರಿಗೆ ನಾವೇ ತಿರುಗಿ ಮಾಡ್ಬೇಕು. ದನಿ ಅಂತೆ, ಗುರುತಂತೆ. ದನೀನ ಮಿಮಿಕ್ರಿ ಮಾಡೋರು ಬೀದಿಗೊಬ್ರು ಇದ್ದಾರೆ.”

“ನನ್ನ ತಂಗಿಗೆ ಮಿಮಿಕ್ರಿ ಮಾಡಿ ಮೋಸ ಮಾಡಿ ತೋರಿಸಿ, ನೋಡೋಣ,” ಅಂದಿದ್ದಳು ಅಕ್ಕ.

ಬೀಗಣ್ಣ ನಿಜವಾಗಿಯೂ ಪ್ರಯತ್ನಿಸಿದ್ದ. ಕೆಳಗಿನ ಅಂಗಡಿಯವರ ಫೋನಿನಿಂದ, ಹೊಲಿಗೆ ಟೀಚರ್ ದನಿಯಲ್ಲಿ. ನಾನು “ಬೀಗಣ್ಣ, ಮೇಲೆ ಬನ್ನಿ” ಅಂದಿದ್ದೆ. ಅಲ್ಲಿಗೆ ಜಗಳ ಮುಗಿದಿತ್ತು.

ಸೋಮವಾರ ನನ್ನ ಕಿವಿ ತಪ್ಪಿರಲಿಲ್ಲ. ಮಾತಿಗೆ ಮೊದಲು ಮೂಗಿನಲ್ಲೇ ಬಿಡುವ ಆ ಸಣ್ಣ ನಗು, ‘ಮರಿ’ ಅನ್ನುವಾಗ ಎಳೆಯುವ ಆ ಎಳೆತ, ಎಲ್ಲ ಅವರದೇ. ದನಿ ಅವರದೇ ಆಗಿತ್ತು. ಆ ದನಿಗೆ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹಕ್ಕು ಮಾತ್ರ ಉಳಿದಿರಲಿಲ್ಲ. ಅದನ್ನು ಕಿವಿಯಿಂದ ತಿಳಿಯುವುದು ಹೇಗೆ?

ಬೀಗಣ್ಣ ನನಗೆ ಲಾಗ್ ಓದುವುದನ್ನು ಕಲಿಸಿದ್ದಾನೆ. ಯಾರು ಯಾವಾಗ ಒಳಗೆ ಬಂದರು, ಏನು ಮುಟ್ಟಿದರು ಎಂಬುದನ್ನೆಲ್ಲ ಸರ್ವರ್ ಸಾಲು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ನಾನು ನಿಧಾನವಾಗಿ ಓದುವುದರಿಂದ ಅವನು ನೋಡದ್ದು ನನಗೆ ಕಾಣುತ್ತದೆ ಅಂತ ಅವನೇ ಹೇಳುತ್ತಾನೆ. ಚಿಕ್ಕಮ್ಮನ ಲಾಗ್ ತೆರೆದೆ. ಬೆರಳಿಟ್ಟು ಸೋಮವಾರಕ್ಕೆ ಬಂದೆ.

ಹನ್ನೊಂದು ನಲವತ್ತೆರಡಕ್ಕೆ ಲಾಗಿನ್. ನಾನು ಫೋನ್ ಇಟ್ಟು ಮೂರು ನಿಮಿಷವೂ ಆಗಿರಲಿಲ್ಲ. ಹನ್ನೊಂದು ಐವತ್ತಕ್ಕೆ ಇಡೀ ಸೈಟಿನ ಬ್ಯಾಕಪ್, ಅಂದರೆ ಪೂರ್ತಿ ನಕಲು, ತಯಾರಾಗಿದೆ. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಅದು ಡೌನ್‌ಲೋಡ್ ಆಗಿದೆ. ಆಮೇಲೆ ಇನ್ನೊಂದು ಸಾಲು ಇತ್ತು. ಕ್ಲಿನಿಕ್ಕಿಗೆ ಯಾರಾದರೂ ಅಪಾಯಿಂಟ್‌ಮೆಂಟ್ ಕೇಳಿ ಬರೆದರೆ ಆ ಇಮೇಲಿನ ಒಂದು ಪ್ರತಿ ಬೇರೊಂದು ವಿಳಾಸಕ್ಕೂ ಹೋಗುವ ಹಾಗೆ ಮಾಡಿದ್ದರು. ಮಂಗಳವಾರ ನಾಲ್ಕು ಹೋಗಿದ್ದವು. ಇವತ್ತು ಬೆಳಿಗ್ಗೆ ಎರಡು.

ಹೋದದ್ದು ಎಷ್ಟು ಜನರದು ಎಂದು ತಿಳಿಯಬೇಕಿತ್ತು. ಆ ಬ್ಯಾಕಪ್‌ನಲ್ಲಿದ್ದ ಅಪಾಯಿಂಟ್‌ಮೆಂಟಿನ ಪಟ್ಟಿ ತೆರೆದೆ. ತೆರೆಯಬಾರದಿತ್ತು. ನಾನು ಲೆಕ್ಕ ನೋಡಿ ಮುಚ್ಚಿಬಿಡಬೇಕು ಅಂದುಕೊಂಡಿದ್ದೆ. ಆದರೆ ಕಣ್ಣು ಸುಮ್ಮನಿರುತ್ತದೆಯೇ. ಒಂಬೈನೂರ ಹನ್ನೆರಡು ಹೆಸರು, ಫೋನ್ ನಂಬರು, ಪಕ್ಕದಲ್ಲಿ ‘ಏನು ತೊಂದರೆ’ ಎಂಬ ಕಾಲಂ. ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಲಾಗದ್ದನ್ನು ಹೆಂಗಸರು ಅಲ್ಲಿ ಬರೆದಿದ್ದರು. ಒಬ್ಬಳು ತೊಂದರೆಯನ್ನೇ ಬರೆದಿರಲಿಲ್ಲ. ‘ದಯವಿಟ್ಟು ಮನೆಗೆ ಫೋನ್ ಮಾಡಬೇಡಿ’ ಎಂದು ಮಾತ್ರ ಬರೆದಿದ್ದಳು. ಕೆಳಗೆ ಮನೆಯ ನಂಬರು ಇತ್ತು. ಬೇರೆ ನಂಬರು ಇರಲಿಲ್ಲವೇನೋ.

ಪಟ್ಟಿ ಮುಚ್ಚಿದೆ.

ಎದುರಿಗೆ ಅಕ್ಕನೂ ಬೀಗಣ್ಣನೂ ಒಂದೇ ಪರದೆಗೆ ಮುಖ ಕೊಟ್ಟು ಕೂತಿದ್ದರು. ಬೆಳಿಗ್ಗೆ ಏಳರಿಂದ ಯಾರೋ ಹೊರಗಿನಿಂದ ಅಜ್ಜಿಯ ಬಾಗಿಲು ತಟ್ಟುತ್ತಿದ್ದರು. ಒಂದರ ಹಿಂದೊಂದು ಸುಳ್ಳು ಪಾಸ್‌ವರ್ಡ್ ಹಾಕಿ ನೋಡುವ ಕೆಲಸ, ಅದು ಯಂತ್ರಗಳೇ ಮಾಡುವುದು. ಬೀಗಣ್ಣ ಆ ಯಂತ್ರಗಳ ಇಂಟರ್ನೆಟ್ ವಿಳಾಸಗಳನ್ನು ಒಂದೊಂದಾಗಿ ತಡೆಯುತ್ತ ಹಬೆಯಾಡುವ ಚಹಾದ ಮುಂದೆ ಕೂತವನಷ್ಟು ಸುಖವಾಗಿದ್ದ.

“ನಲವತ್ತು ಸಾವಿರ ಸಲ ತಟ್ಟಿದ್ದಾರೆ. ಅಜ್ಜಿ ಕೆಮ್ಮಲೂ ಇಲ್ಲ,” ಅಂದ.

“ಕೊಬ್ಬು ಬೇಡ. ಇನ್ನೊಂದು ಸಲ ಎಣಿಸಿ,” ಅಂದಳು ಅಕ್ಕ. ಅವಳೂ ನಗುತ್ತಿದ್ದಳು.

“ನನ್ನ ಗೋಡೆ ದಾಟಿ ಒಂದು ನೊಣ ಒಳಗೆ ಬಂದಿದ್ರೆ ಈ ಮೀಸೆ ತೆಗೀತೀನಿ.”

“ಅದನ್ನ ಮೀಸೆ ಅಂತ ಕರೆದೋರು ಯಾರು?”

ನಾನು ಎದ್ದೆ. ಅವರ ಮೇಜಿನವರೆಗೆ ಹೋದೆ. ಹೇಳಬೇಕಾದ ಮಾತು ಗಂಟಲಲ್ಲಿ ಸಿದ್ಧವಾಗಿತ್ತು: ಅಕ್ಕಾ, ನಾನೊಂದು ತಪ್ಪು ಮಾಡಿದ್ದೀನಿ. ಅಷ್ಟೇ ಮಾತು. ಅಕ್ಕ ತಲೆಯೆತ್ತಿ “ಏನೇ?” ಅಂದಳು. ಅವಳ ಮುಖದಲ್ಲಿ ನಗು ಇನ್ನೂ ಉಳಿದಿತ್ತು. ನಾಲಿಗೆ ಅಂಗುಳಕ್ಕೆ ಹೋಗಿ ಅಂಟಿತು.

“ಏನಿಲ್ಲ. ಕಿಟಕಿ ಮುಚ್ಲಾ ಅಂತ.”

“ಮುಚ್ಚಿದೆಯಲ್ಲ.”

ನಾನು ವಾಪಸ್ ಬಂದು ಕೂತೆ.

ಏನು ಹೋಗುತ್ತದೆ ಎಂದು ಕೂತು ಯೋಚಿಸಿದೆ. ಹೇಳಿದರೆ ಫೋನು ನನ್ನ ಮೇಜಿನಿಂದ ಹೋಗುತ್ತದೆ. ಈ ಕಂಪನಿಯಲ್ಲಿ ನನಗೆ ಅಂತ ಇರುವುದು ನನ್ನ ಕಿವಿಯೊಂದೇ. ಅದು ಉಪಯೋಗಕ್ಕಿಲ್ಲ ಎಂದಾದರೆ ಮತ್ತೆ ಪೊರಕೆ, ಮತ್ತೆ ಕಡತ, ಅಲ್ಲಿಂದ ಮತ್ತೆ ಮನೆ. ಹೇಳದಿದ್ದರೆ? ಆ ಇಮೇಲಿನ ಪ್ರತಿಯನ್ನು ನಾನೇ ನಿಲ್ಲಿಸಬಹುದು. ಪಾಸ್‌ವರ್ಡನ್ನು ನಾನೇ ಬದಲಾಯಿಸಬಹುದು. ಐದು ನಿಮಿಷದ ಕೆಲಸ. ಚಿಕ್ಕಮ್ಮನ ಲಾಗನ್ನು ನನ್ನ ಬಿಟ್ಟು ಬೇರೆ ಯಾರೂ ಅಷ್ಟು ನಿಧಾನವಾಗಿ ಓದುವುದಿಲ್ಲ.

ಐದು ನಿಮಿಷದಲ್ಲಿ ಅದನ್ನು ಮಾಡಿದೆ. ಆ ಇನ್ನೊಂದು ವಿಳಾಸವನ್ನು ಮಾತ್ರ ಅಳಿಸುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಯಾಕೆ ಬರೆದೆನೋ ಗೊತ್ತಿಲ್ಲ. ಮಾಡಿ ಮುಗಿಸಿದ ಮೇಲೆ ಹಗುರಾಗಬೇಕಿತ್ತು. ಆಗಲಿಲ್ಲ. ಬಾಗಿಲನ್ನೇನೋ ಮುಚ್ಚಿದ್ದೆ, ಹೊತ್ತುಕೊಂಡು ಹೋದ ಪಟ್ಟಿ ಅವರ ಹತ್ತಿರವೇ ಇತ್ತು. ಒಂಬೈನೂರ ಹನ್ನೆರಡು ಹೆಂಗಸರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿರುವಷ್ಟು ದಿನ ಗೊತ್ತಾಗುವುದೂ ಇಲ್ಲ.

ಆಮೇಲಿನ ಎರಡು ಗಂಟೆ ಹೇಗೆ ಕಳೆದೆನೋ. ಫೋನ್‌ಗಳು ಬರುತ್ತಲೇ ಇದ್ದವು. ಹೊಲಿಗೆ ಟೀಚರ್ ತಮ್ಮ ಫೋಟೋ ಅಡ್ಡಡ್ಡ ಬಂದಿದೆ ಎಂದು ದೂರಿದರು. ಪಾತ್ರೆ ಅಂಗಡಿಯ ಯಜಮಾನರು ಸುಮ್ಮನೆ ಮಾತಾಡಲೆಂದು ಮಾಡಿದ್ದರು. ಸೊಸೆ ತಮ್ಮ ಮಾತು ಕೇಳುವುದಿಲ್ಲ ಎಂಬ ಹಳೆಯ ಸುದ್ದಿಯನ್ನು ಮತ್ತೆ ಹೇಳಿದರು. ನಾನು ಹೂಂ, ಹೂಂ ಅಂದೆ. “ಯಾಕಮ್ಮ, ಇವತ್ತು ದನಿ ಒಂಥರಾ ಇದೆ?” ಅಂದರು ಅವರು. ಆವರೆಗೆ ಬೇರೆಯವರ ದನಿಯನ್ನು ನಾನು ಕೇಳಿಸಿಕೊಳ್ಳುತ್ತಿದ್ದೆನೇ ಹೊರತು, ನನ್ನದನ್ನೂ ಯಾರೋ ಕೇಳಿಸಿಕೊಳ್ಳುತ್ತಾರೆ ಎಂದು ಅಂದುಕೊಂಡಿರಲಿಲ್ಲ.

ಒಂದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಬೀಗಣ್ಣ ತಿಂಡಿಯ ಡಬ್ಬಿ ತೆಗೆದಿದ್ದ. ಫೋನ್ ಬಂತು. ಎತ್ತಿದೆ. ಹಲೋ ಅನ್ನುವ ಮೊದಲೇ ಮೂಗಿನಲ್ಲಿ ಆ ಸಣ್ಣ ನಗು.

“ಮತ್ತೆ ನಾನೇ ಮರಿ. ನೀನು ಕೊಟ್ಟ ಪಾಸ್‌ವರ್ಡ್ ಯಾಕೋ ಕೈ ಕೊಡ್ತಾ ಇದೆ.”

“ಬದಲಾಯಿಸಿದ್ದೀವಿ ಸರ್.”

“ಹೌದಾ. ಹಾಗಾದ್ರೆ ಹೊಸದು ಹೇಳಿಬಿಡು, ಬರ್ಕೊಳ್ತೀನಿ.” ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

“ಆಗಲ್ಲ ಸರ್.”

“ಏನು?”

“ಕೊಡೋಕಾಗಲ್ಲ.”

“ಯಾಕೆ, ಗುರುತು ಸಿಗ್ಲಿಲ್ವಾ ನಂದು?”

“ಸಿಕ್ತು ಸರ್.”

ಪೆನ್ನಿನ ಮುಚ್ಚಳ ತಿರುಗಿ ಹಾಕಿದ ಸದ್ದು ಬಂತು. “ಡಾಕ್ಟರ್ ಫೋನ್ ಮಾಡಿದ್ರಾ?”

“ಹೂಂ.”

“ನೋಡು ಮರಿ. ಒಂಬತ್ತು ವರ್ಷ ಆ ಕ್ಲಿನಿಕ್ಕಿಗೆ ಜೀವ ತೇಯ್ದಿದ್ದೀನಿ. ಆ ಪಟ್ಟಿಯಲ್ಲಿರೋ ಒಂದೊಂದು ಹೆಸರೂ ನಾನು ಕೂತು ಸೇರಿಸಿದ್ದು. ಒಂದು ಮಾತಿಲ್ಲ ಕತೆಯಿಲ್ಲ, ಆಚೆ ಕಳಿಸಿದ್ರು. ಈಗ ಇನ್ನೊಬ್ರ ಹತ್ರ ಸೇರಿದ್ದೀನಿ. ನನ್ನ ಜನಕ್ಕೆ ನಾನು ಹೇಳ್ಬೇಡ್ವಾ, ಇಲ್ಲಿಗೆ ಬನ್ನಿ ಅಂತ? ಕಳ್ಳತನ ಏನಿದೆ ಇದರಲ್ಲಿ?”

“ಹೇಗೆ ಹೇಳ್ತೀರಿ ಸರ್?”

“ಫೋನ್ ಮಾಡಿ. ಇವತ್ತು ಸಂಜೆಯಿಂದ ಶುರು ಮಾಡ್ತೀನಿ.”

“ಮನೆಗಾ?”

“ಮನೆಗಲ್ದೆ? ಯಾರು ಎತ್ತಿದ್ರೂ ಆಯ್ತು, ನಿಮ್ಮ ಮನೆ ಹೆಂಗಸರು ನಮ್ಮ ಹತ್ರ ತೋರಿಸ್ಕೊಳ್ತಿದ್ರು, ಇನ್ಮೇಲೆ ಇಲ್ಲಿಗೆ ಕಳಿಸಿ ಅಂತೀನಿ. ಅದರಲ್ಲೇನು.”

ಅವರಿಗೆ ನಿಜವಾಗಿಯೂ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ದನಿಯಲ್ಲಿ ಸುಳ್ಳಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ನಾನು ಸುಮ್ಮನಿದ್ದದ್ದನ್ನು ಅವರು ಬೇರೆ ತರಹ ಅರ್ಥ ಮಾಡಿಕೊಂಡರು. ದನಿ ಇನ್ನೂ ಮೆತ್ತಗಾಯಿತು. “ಒಂದು ಹತ್ತು ನಿಮಿಷ ಒಳಗೆ ಬಿಡು ಅಷ್ಟೆ, ಹೊಸ ಹೆಸರು ಬರೋದು ನಿಂತುಹೋಗಿದೆ. ಸೋಮವಾರ ಕೊಟ್ಟಿದ್ದು ಯಾರು? ನೀನು. ಅದು ನಿಮ್ಮಕ್ಕನಿಗೆ ಗೊತ್ತಾ? ಗೊತ್ತಿರಲ್ಲ ಬಿಡು. ಗೊತ್ತಾಗೋದೂ ಬೇಡ. ಓದು ಅರ್ಧಕ್ಕೆ ಬಿಟ್ಟೋಳು ಅಂತ ನೀನೇ ಹೇಳಿದ್ದೆಯಲ್ಲ, ಇಂಥ ಕೆಲಸ ಇನ್ನೆಲ್ಲಿ ಸಿಗುತ್ತೆ ನಿನಗೆ? ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ.”

ಹೌದು, ಒಮ್ಮೆ ನಾನೇ ಹೇಳಿದ್ದೆ. ಅವರು ಮಗಳ ಓದಿನ ವಿಷಯ ಹೇಳಿಕೊಳ್ಳುತ್ತಿದ್ದರು, ಮಾತಿಗೆ ಮಾತು ಬಂದು ಹೇಳಿಬಿಟ್ಟಿದ್ದೆ.

ಮೇಜಿನ ಆಚೆ ಅಕ್ಕ ಡಬ್ಬಿಯಿಂದ ತುತ್ತೆತ್ತುತ್ತಿದ್ದಳು. ಬೀಗಣ್ಣ ಏನೋ ಹೇಳುತ್ತಿದ್ದ. ಅವರ ಕಡೆ ತಿರುಗಿ ಹೇಳಲು ನನ್ನಿಂದಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಅದನ್ನೇ ನೋಡಿದ್ದೆ. ಆದರೆ ಕೈಯಲ್ಲಿ ಫೋನ್ ಇತ್ತು. ಫೋನಿನಲ್ಲಿ ನನಗೆ ಮಾತು ಬರುತ್ತದೆ. ನಾನು ಗೋಡೆಯ ಕಡೆ ಮುಖ ಮಾಡಿಕೊಂಡು, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದೆ.

“ಸೋಮವಾರ ಕ್ಲಿನಿಕ್ಕಿನ ಪಾಸ್‌ವರ್ಡ್ ನಿಮಗೆ ಕೊಟ್ಟೋಳು ನಾನೇ ಸರ್. ನಿಮ್ಮನ್ನ ಕೆಲಸದಿಂದ ತೆಗೆದಿದ್ದು ನನಗೆ ಗೊತ್ತಿರಲಿಲ್ಲ. ನೀವು ಒಂಬೈನೂರ ಹನ್ನೆರಡು ಜನರ ಪಟ್ಟಿ ತಗೊಂಡಿದ್ದೀರಿ. ಸಂಜೆ ಅವರ ಮನೆಗಳಿಗೆ ಫೋನ್ ಮಾಡ್ತೀನಿ ಅಂತ ಈಗ ಹೇಳಿದ್ರಿ. ಇದನ್ನ ನಮ್ಮಕ್ಕ ಕೇಳಿಸ್ಕೊಳ್ತಾ ಇದ್ದಾರೆ.”

ಆ ಕಡೆ ಫೋನ್ ಕಟ್ಟಾಯಿತು. ಈ ಕಡೆ ಸ್ಟೀಲ್ ಡಬ್ಬಿಯ ಮುಚ್ಚಳ ಮೇಜಿನ ಮೇಲೆ ಬಿದ್ದು ಗಿರಗಿರ ತಿರುಗಿ ನಿಂತಿತು.

“ಏನಂದೆ?” ಅಕ್ಕ ಕೇಳಿದಳು.

ನಾನು ಗೋಡೆಯನ್ನೇ ನೋಡುತ್ತಿದ್ದೆ. “ಅಂದಿದ್ದು ಕೇಳಿಸ್ತಲ್ಲ.”

“ಈ ಕಡೆ ತಿರುಗು.”

“ತಿರುಗಿದ್ರೆ ಹೇಳೋಕಾಗಲ್ಲ ಅಕ್ಕಾ.”

ಬೀಗಣ್ಣ ಆಗಲೇ ನನ್ನ ಪಕ್ಕಕ್ಕೆ ಬಂದು ಪರದೆ ನೋಡುತ್ತಿದ್ದ. ಅವನ ಕೈಗೆ ಇನ್ನೂ ಅನ್ನ ಅಂಟಿತ್ತು. “ಎಷ್ಟು ಗಂಟೆಗೆ? ಯಾವ ವಿಳಾಸದಿಂದ? ಏನೇನು ಮುಟ್ಟಿದ್ದೀಯಾ ಆಮೇಲೆ?” ನಾನು ಗೋಡೆಗೇ ಎಲ್ಲ ಹೇಳಿದೆ. ಇಮೇಲಿನ ಪ್ರತಿ ನಿಲ್ಲಿಸಿದ್ದನ್ನು ಹೇಳಿದಾಗ ಅವನು ಹಣೆಗೆ ಕೈ ಹೊಡೆದುಕೊಂಡ. “ಅಳಿಸಿಬಿಟ್ಯಾ? ಸಾಕ್ಷಿ ಅದು.” ಚೀಟಿಯನ್ನು ಹಿಂದಕ್ಕೆ ಚಾಚಿದೆ. ಅವನು ಓದಿದ. “ಹೂಂ,” ಅಂದ.

ಅಕ್ಕ ಮಾತ್ರ ಇದ್ದಲ್ಲೇ ನಿಂತಿದ್ದಳು. “ಹತ್ತು ಗಂಟೆಗೆ ಗೊತ್ತಾಗಿದೆ ಇವಳಿಗೆ,” ಅಂದಳು, ನನಗಲ್ಲ, ಬೀಗಣ್ಣನಿಗೆ. “ಮೂರು ಗಂಟೆ. ನಾವಿಲ್ಲಿ ಅಜ್ಜಿ ಬಾಗಿಲು ಕಾಯ್ತಾ ಹಲ್ಲು ಕಿರೀತಾ ಕೂತಿದ್ವಿ. ಮೂರು ಗಂಟೆ ಸುಮ್ಮನಿದ್ದಾಳೆ.” ಅವಳು ಕಿರುಚಿದ್ದರೆ ಚೆನ್ನಾಗಿತ್ತು. ಕಿರುಚಲಿಲ್ಲ.

“ಆಮೇಲೆ ಬೈಯಿರಿ,” ಅಂದ ಬೀಗಣ್ಣ. “ಮೊದಲು ಡಾಕ್ಟರ್‌ಗೆ ಹೇಳಿ. ಸಂಜೆ ಅಂದಿದ್ದಾನೆ ಅವನು.”

ಅಕ್ಕ ತನ್ನ ಮೊಬೈಲಿನಿಂದ ಮಾಡಿದಳು, ಸ್ಪೀಕರ್ ಹಾಕಿದಳು. ನಮ್ಮಿಂದ ಒಂದು ತಪ್ಪಾಗಿದೆ ಡಾಕ್ಟರ್, ಎಂದು ಶುರು ಮಾಡಿ, ಸುತ್ತಿಬಳಸದೆ ಹೇಳಿದಳು. ಡಾಕ್ಟರಮ್ಮ ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದರು:

“ಕೊಟ್ಟವರು ಯಾರು?”

“ನಮ್ಮ ಸಿಬ್ಬಂದಿ,” ಅಂದಳು ಅಕ್ಕ.

“ಕೊಟ್ಟಿದ್ದು ನಾನು, ಡಾಕ್ಟರ್,” ಅಂದೆ. ಈಗ ಫೋನು ಮೇಜಿನ ಮೇಲಿತ್ತು, ಅದನ್ನು ನೋಡಿಕೊಂಡು ಹೇಳಬಹುದಿತ್ತು. “ಬೆಳಿಗ್ಗೆ ನೀವು ಹೇಳಿದಾಗಲೇ ನನಗೆ ತಿಳೀತು. ಆಗಲೇ ಹೇಳ್ಬೇಕಿತ್ತು.”

“ಹೇಳ್ಬೇಕಿತ್ತು,” ಅಂದರು ಅವರು. “ನಾನೂ ಹದಿನೆಂಟು ದಿನ ಹಿಂದೆ ಹೇಳ್ಬೇಕಿತ್ತು. ಆ ತಪ್ಪು ನಂದು. ನಿಮ್ಮದು ನಿಮಗೆ,” ಅಂದರು.

“ನಾನು ಬೇಕಾದ್ರೆ ಅವರಿಗೆಲ್ಲ ಫೋನ್ ಮಾಡಿ...”

“ಬೇಡ. ನನ್ನ ಪೇಷೆಂಟುಗಳ ಮನೆಗೆ ಇನ್ನೊಂದು ಅಪರಿಚಿತ ದನಿ ಹೋಗೋದು ಬೇಡ. ಯಾರಿಗೆ ಹೇಗೆ ಮುಟ್ಟಿಸ್ಬೇಕು ಅಂತ ನಾನು ನೋಡ್ಕೊಳ್ತೀನಿ. ನಿಮ್ಮ ಲಾಗ್ ಎಲ್ಲ ಬರವಣಿಗೆಯಲ್ಲಿ ಕಳಿಸಿ. ಪೊಲೀಸರಿಗೆ ಬೇಕು.”

ಬೀಗಣ್ಣ ಇಪ್ಪತ್ತು ನಿಮಿಷದಲ್ಲಿ ಕಳಿಸಿದ. ನಾನು ಪ್ರತಿ ಸಾಲನ್ನೂ ಓದಿ ಸರಿ ಇದೆಯೇ ಎಂದು ಹೇಳಿದೆ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಕಿಟಕಿಯಾಚೆ ಬಿಸಿಲು ಎದುರುಗೋಡೆಯ ಮೇಲೆ ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ ಹತ್ತುವುದನ್ನು ನೋಡುತ್ತಿದ್ದೆ. ಅದು ಮೇಲಿನ ಮನೆಯ ಕಿಟಕಿ ಮುಟ್ಟಿದರೆ ಸಂಜೆ. ನಮ್ಮ ಬಾಗಿಲು ತಟ್ಟುತ್ತಿದ್ದ ಯಂತ್ರಗಳು ಬೇಸತ್ತು ಬೇರೆ ಕಡೆ ಹೋಗಿದ್ದವು. ಬೀಗಣ್ಣ ಅದನ್ನು ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಡಾಕ್ಟರಮ್ಮ ಅಕ್ಕನಿಗೆ ಎರಡು ಸಾಲು ಬರೆದಿದ್ದರು. ಪೊಲೀಸರು ಆ ಮ್ಯಾನೇಜರ್ ಮನೆಗೆ ಹೋಗಿ ಕಂಪ್ಯೂಟರ್ ತೆಗೆದುಕೊಂಡಿದ್ದಾರೆ. ಅಷ್ಟರೊಳಗೆ ಅವನು ಏಳು ಮನೆಗೆ ಫೋನ್ ಮಾಡಿಯಾಗಿತ್ತು.

ಏಳು. ಯಾವ ಏಳು ಎಂದು ಅವರು ಬರೆದಿರಲಿಲ್ಲ. ನಾನು ಕೇಳುವಂತಿರಲಿಲ್ಲ. ಅಕ್ಕ ಆ ಸಾಲುಗಳ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ನಿಂತಳು. ಮೂರು ಗಂಟೆ ಮೊದಲೇ ಹೇಳಿದ್ದರೆ ಈ ಏಳರಲ್ಲಿ ಎಷ್ಟು ಮನೆ ತಪ್ಪುತ್ತಿದ್ದವು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅದು ಹಾಕಿದರೆ ಬರುವ ಲೆಕ್ಕವಲ್ಲ.

“ಫೋನ್ ತಗೊಂಡು ಹೋಗು ಅಕ್ಕಾ,” ಅಂದೆ.

“ಎಲ್ಲಿಗೆ?”

“ನಿನ್ನ ಮೇಜಿಗೆ.”

“ನಿನ್ನೆ ಇಡೀ ದಿನ ಅದೇ ಯೋಚನೆ ಮಾಡಿದೆ,” ಅಂದಳು. ಪಕ್ಕದ ಕುರ್ಚಿ ಎಳೆದು ಕೂತಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. “ಬೀಗಣ್ಣ ವರ್ಷದ ಹಿಂದೆ ಬಡ್ಕೊಂಡ. ನಾನು ನಿನ್ನನ್ನ ಮೆರೆಸೋ ಭರದಲ್ಲಿ ಕೇಳ್ಲಿಲ್ಲ. ಊರಿಗೆಲ್ಲ ಹೇಳ್ಕೊಂಡು ಬಂದೆ, ನನ್ನ ತಂಗಿ ಕಿವಿ, ನನ್ನ ತಂಗಿ ಕಿವಿ ಅಂತ. ಬಾಗಿಲಿಗೆ ನಿನ್ನನ್ನೇ ಚಿಲಕ ಮಾಡಿಟ್ಟೆ.” ಮೇಜಿನ ಮೇಲಿದ್ದ ಕಾಗದವನ್ನು ಮಡಚಿದಳು. “ಪದ್ಧತಿ ನಂದು. ಅದರ ತಪ್ಪು ನಂದು. ಮೂರು ಗಂಟೆ ನಿಂದು. ಅದನ್ನ ನಾನು ಮರೆಯಲ್ಲ, ನೀನೂ ಮರೀಬೇಡ.”

“ಇಲ್ಲ.”

“ಫೋನ್ ಇಲ್ಲೇ ಇರುತ್ತೆ. ಇವತ್ತಿಂದ ಯಾರಿಗೂ ಬಾಯಲ್ಲಿ ಪಾಸ್‌ವರ್ಡ್ ಕೊಡೋದಿಲ್ಲ. ಮತ್ತೆ ಇನ್ನೊಂದು ಕೆಲಸ.” ಅವಳು ಗಿರಾಕಿಗಳ ಪಟ್ಟಿಯನ್ನು ಮುಂದಿಟ್ಟಳು. ಮುನ್ನೂರ ನಲವತ್ತು ಹೆಸರು. “ಪ್ರತಿಯೊಬ್ರಿಗೂ ಫೋನ್ ಮಾಡು. ಅಂಗಡಿಯ ಯಜಮಾನರಿಗೇ, ಬೇರೆಯವರಿಗಲ್ಲ. ನಿಮ್ಮ ಪರವಾಗಿ ಮಾತಾಡೋ ಹಕ್ಕು ಈಗ ಯಾರಿಗಿದೆ ಅಂತ ಕೇಳು. ನಿನಗೆ ಗುರುತಿದ್ರೂ ಕೇಳು. ಮುಖ್ಯವಾಗಿ ಗುರುತಿದ್ರೇ ಕೇಳು.”

“ಮುನ್ನೂರ ನಲವತ್ತು ಜನರಿಗಾ?”

“ನೀನು ಒಬ್ಬೊಬ್ಬರ ಹತ್ರ ಗಂಟೆಗಟ್ಟಲೆ ಸೊಸೆ ಪುರಾಣ ಕೇಳದಿದ್ರೆ ನಾಲ್ಕು ದಿನದ ಕೆಲಸ,” ಅಂದ ಬೀಗಣ್ಣ ತನ್ನ ಮೇಜಿನಿಂದ. ನಾವಿಬ್ಬರೂ ನಗಲಿಲ್ಲ. ಆದರೆ ಅವನು ಹೇಳಿದ್ದು ಒಳ್ಳೆಯದಾಯಿತು.

ಶುರು ಮಾಡಿದೆ. ಕೆಲವರು ಗೊಣಗಿದರು. ಪಾತ್ರೆ ಅಂಗಡಿಯವರು “ನಾನು ಬದುಕಿದ್ದೀನಲ್ಲಮ್ಮ, ಇನ್ಯಾರಿಗೆ ಕೊಡ್ತೀಯಾ ಹಕ್ಕು?” ಎಂದು ಬೇಜಾರು ಮಾಡಿಕೊಂಡರು. ಶಾಲೆಯ ಗುಮಾಸ್ತರು ನಿವೃತ್ತರಾಗಿ ನಾಲ್ಕು ತಿಂಗಳಾಗಿತ್ತು, ನಮಗೆ ಗೊತ್ತಿರಲಿಲ್ಲ. ಹೊಲಿಗೆ ಟೀಚರ್ ತಮ್ಮ ಸೈಟಿನ ಕೆಲಸ ಮಾಡುತ್ತಿದ್ದ ಹುಡುಗಿ ಮದುವೆಯಾಗಿ ದೂರ ಹೋದಳು ಅಂದರು. ಒಂದೊಂದು ಹೆಸರಿನ ಮೇಲೆ ಗೆರೆ ಎಳೆದು ಹೊಸ ಹೆಸರು ಬರೆದೆ. ಆ ಹೆಸರುಗಳ ದನಿಗಳೆಲ್ಲ ನನ್ನ ತಲೆಯಲ್ಲಿ ಇನ್ನೂ ಹಾಗೇ ಇದ್ದವು. ಅವರಲ್ಲಿ ಯಾರು ಇವತ್ತು ಫೋನ್ ಮಾಡಿದ್ದರೂ, ಮೊನ್ನೆಯವರೆಗಿನ ನಾನು ನಗುನಗುತ್ತ ಕೊಟ್ಟುಬಿಡುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಅರವತ್ತಮೂರನೆಯ ಫೋನು. ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿ. ಯಜಮಾನರು ಇರಲಿಲ್ಲ, ಅವರ ಹೆಂಡತಿ ಎತ್ತಿದರು. ಅಂಗಡಿ ಇಬ್ಬರ ಹೆಸರಲ್ಲೂ ಇದ್ದುದರಿಂದ ಅವರನ್ನೇ ಕೇಳಿದೆ.

“ನಾವಿಬ್ರೇ ಅಮ್ಮ, ಇನ್ಯಾರಿಲ್ಲ,” ಅಂದರು.

“ನಿಮ್ಮ ಮೈದುನ ಇದ್ದಾರಲ್ಲ, ಆಗಾಗ ಫೋನ್ ಮಾಡೋರು. ಸ್ವಲ್ಪ ನಿಧಾನವಾಗಿ ಮಾತಾಡ್ತಾರೆ. ಅವರ ಹೆಸರು ಇಡ್ಲಾ?”

“ಅವನಾ?” ಅಂದರು. “ಅವನು ನಮ್ಮಿಂದ ಬೇರೆಯಾಗಿ ಎರಡು ವರ್ಷ ಆಯ್ತಲ್ಲಮ್ಮ. ನಮಗೂ ಅವನಿಗೂ ಮಾತೇ ಇಲ್ಲ. ಆಚೆ ಬೀದಿಯಲ್ಲೇ ಅಂಗಡಿ ಇಟ್ಟಿದ್ದಾನೆ. ಸೈಟಿನಲ್ಲಿ ನಾವು ಹಾಕ್ಬೇಕು ಅಂತ ಬರೆದಿಟ್ಟ ಬೆಲೆ, ಹೊಸ ಮಾದರಿ, ಅದು ಹೇಗೋ ಅವನಿಗೆ ಮುಂಚೇನೇ ಗೊತ್ತಾಗಿಬಿಡುತ್ತೆ. ಯಾರು ಹೇಳ್ತಾರೋ.”

ನನಗೆ ಎರಡು ತಿಂಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ಮಾತನ್ನು ಒಂದೊಂದಾಗಿ ಕೆಳಗಿಡುವ ಆ ದನಿ. ಪಾಸ್‌ವರ್ಡಿನ ಅಕ್ಷರಗಳನ್ನು ಬಿಡಿಸಿ ಹೇಳಿದ್ದು ನಾನು. ನಿಧಾನವಾಗಿ ಬರೆದುಕೊಂಡವರು ಅವರು.

ಪೆನ್ನು ಹೆಸರಿನ ಮೇಲೆ ಗೆರೆ ಎಳೆಯಲು ಹೊರಟದ್ದು ಅಲ್ಲೇ ನಿಂತಿತು. ಗೆರೆ ಎಳೆದು, ಮುಂದಿನ ನಂಬರು ಒತ್ತಬಹುದಿತ್ತು.

“ಅಮ್ಮಾ, ಒಂದು ನಿಮಿಷ ಫೋನ್ ಇಡಬೇಡಿ,” ಅಂದೆ.

ಎದ್ದು ನಿಂತೆ. ಫೋನನ್ನು ಮೇಜಿನ ಮೇಲೆ ಮಲಗಿಸಿದೆ. ಅಕ್ಕ ತನ್ನ ಮೇಜಿನಿಂದ ತಲೆಯೆತ್ತಿದಳು, ಬೀಗಣ್ಣನೂ ತಿರುಗಿದ. ಇಬ್ಬರ ಮುಖವನ್ನೂ ನೋಡಿದೆ.

“ಇನ್ನೊಂದಿದೆ,” ಅಂದೆ.

ಬೀಗಣ್ಣ ಏನೂ ಕೇಳದೆ ಕುರ್ಚಿಯನ್ನು ನನ್ನ ಮೇಜಿನ ಕಡೆ ತಳ್ಳಿಕೊಂಡು ಬಂದ. “ತಾರೀಖು ಹೇಳು,” ಅಂದ.